ಇಬ್ಬರ ನಡುವಿನ ಜಾಗ: ಬಾಯ್ಸ್ ಲವ್ ಮಾಂಗಾವನ್ನು ನೋಡುವ ಬಗೆ

(ಓದುಗರ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಅಂದು ಪರದೆಯ ಮೇಲೆ ತೋರಿಸಿದ್ದ ಪುಟಗಳನ್ನು ಇಲ್ಲಿ ಮಾತಿನಲ್ಲಿ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಚಿತ್ರಕಲೆ ಕಲಿಸುವವಳು. ಹೊಸ ಮಕ್ಕಳು ಬಂದಾಗ ಮೇಜಿನ ಮೇಲೆ ಎರಡು ಹೂಜಿ ಇಟ್ಟು ಬಿಡಿಸಲು ಹೇಳುತ್ತೇನೆ. ಎಲ್ಲರೂ ಹೂಜಿಯನ್ನೇ ಬಿಡಿಸುತ್ತಾರೆ: ಕತ್ತು, ಹೊಟ್ಟೆ, ತಳ. ಮರುದಿನ ಅವೇ ಹೂಜಿಗಳನ್ನು ಅಲ್ಲೇ ಇಟ್ಟು, ಇವತ್ತು ಹೂಜಿ ಬೇಡ, ಅವೆರಡರ ನಡುವೆ ಉಳಿದ ಜಾಗವನ್ನಷ್ಟೇ ಬಿಡಿಸಿ ಎನ್ನುತ್ತೇನೆ. ಮಕ್ಕಳು ತಬ್ಬಿಬ್ಬಾಗುತ್ತಾರೆ. ಏನೂ ಇಲ್ಲದ ಕಡೆ ಏನನ್ನು ಬಿಡಿಸುವುದು? ಸ್ವಲ್ಪ ಹೊತ್ತು ದಿಟ್ಟಿಸಿದ ಮೇಲೆ ಆ ಖಾಲಿ ಜಾಗಕ್ಕೂ ಒಂದು ಆಕಾರವಿರುವುದು ಅವರ ಕಣ್ಣಿಗೆ ಬೀಳುತ್ತದೆ. ಒಂದು ಹೂಜಿಯನ್ನು ಬೆರಳಿನಷ್ಟು ಸರಿಸಿದರೆ ಸಾಕು, ಆ ಆಕಾರ ಪೂರ್ತಿ ಬೇರೆಯಾಗುತ್ತದೆ.

ಬಾಯ್ಸ್ ಲವ್ ಮಾಂಗಾವನ್ನು, ಅಂದರೆ ಗಂಡು ಗಂಡನ್ನು ಪ್ರೀತಿಸುವ ಜಪಾನೀ ಚಿತ್ರಕಥೆಗಳನ್ನು, ಯಾವ ಅಳತೆಗೋಲಿನಿಂದ ಅಳೆಯಬೇಕು ಎಂದು ನನ್ನನ್ನು ಕೇಳಿದಾಗಲೆಲ್ಲ ನನಗೆ ಈ ಎರಡನೇ ದಿನದ ಪಾಠ ನೆನಪಾಗುತ್ತದೆ. ಇಬ್ಬರು ಗಂಡಸರು ಎಷ್ಟು ಚೆಲುವಾಗಿ ಮೂಡಿದ್ದಾರೆ ಎಂದು ನೋಡುವುದು ಮೊದಲ ದಿನದ ಕೆಲಸ. ಅವರ ನಡುವಿನ ಜಾಗ ಹೇಗೆ ಮೂಡಿದೆ, ಪುಟದಿಂದ ಪುಟಕ್ಕೆ ಅದು ಹೇಗೆ ಹಿಗ್ಗುತ್ತದೆ, ಎಲ್ಲಿ ಕುಗ್ಗುತ್ತದೆ, ಅದನ್ನು ದಾಟುವ ಹಕ್ಕು ಯಾರಿಗೆ ಯಾವಾಗ ಸಿಗುತ್ತದೆ ಎಂದು ನೋಡತೊಡಗಿದಾಗ ಕೃತಿಯ ತೂಕ ತಿಳಿಯುತ್ತದೆ. ಚಿತ್ರದ ಗುಣ ಬೇರೆ, ಕಥೆಯ ಗುಣ ಬೇರೆ ಎಂದು ಎರಡು ಅಂಕಣ ಹಾಕಿ ಅಂಕ ಕೊಡುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಆ ನಡುವಿನ ಜಾಗದಲ್ಲಿ ಎರಡೂ ಒಂದೇ.

ಈ ಬಗೆಯ ಕಥೆಗಳ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಗಂಡು ಗಂಡನ್ನು ಪ್ರೀತಿಸುವ ಕಥೆಗಳನ್ನು ಬಹುಮಟ್ಟಿಗೆ ಹೆಂಗಸರೇ ಚಿತ್ರಿಸಿ ಹೆಂಗಸರೇ ಓದುವ ಒಂದು ಪರಂಪರೆ ಜಪಾನಿನಲ್ಲಿ ಅರ್ಧ ಶತಮಾನದಿಂದ ಬೆಳೆದು ಬಂದಿದೆ. ಮೊದಲು ಅದನ್ನು ಶೋನೆನ್-ಆಯ್ ಎನ್ನುತ್ತಿದ್ದರು. ಆಮೇಲೆ ತಾನ್ಬಿ, ಯಾವೊಯ್ ಎಂಬ ಹೆಸರುಗಳು ಬಂದವು. 1990ರ ದಶಕದಿಂದ ಬಾಯ್ಸ್ ಲವ್, ಚಿಕ್ಕದಾಗಿ ಬಿಎಲ್ ಎಂಬ ಹೆಸರು ನಿಂತಿತು. ಹೆಸರಿನಲ್ಲಿ ಹುಡುಗರಿದ್ದರೂ ಇಂದಿನ ಅನೇಕ ಕೃತಿಗಳಲ್ಲಿ ಇರುವವರು ಕಚೇರಿಗೆ ಹೋಗುವ, ಬಾಡಿಗೆ ಕಟ್ಟುವ, ವಯಸ್ಸಾದ ಅಪ್ಪ ಅಮ್ಮನ ಚಿಂತೆ ಮಾಡುವ ವಯಸ್ಕರು.

ಇದು ಶುರುವಾದದ್ದು ಒಂದು ಬಾಡಿಗೆ ಮನೆಯಿಂದ ಎಂದರೆ ತಪ್ಪಾಗಲಾರದು. 1970ರಲ್ಲಿ ಟೋಕಿಯೋದ ನೆರಿಮಾ ಪ್ರದೇಶದ ಓಯಿಜುಮಿಯಲ್ಲಿ ಇಪ್ಪತ್ತರ ಆಸುಪಾಸಿನ ಇಬ್ಬರು ಹೆಣ್ಣುಮಕ್ಕಳು ಒಟ್ಟಿಗೆ ಮನೆ ಹಿಡಿದರು. ಒಬ್ಬರು ಕೇಕೊ ತಾಕೆಮಿಯಾ, ಇನ್ನೊಬ್ಬರು ಮೋಟೊ ಹಾಗಿಯೊ. ಎದುರು ಮನೆಯ ಗೆಳತಿ ನೋರಿಯೆ ಮಾಸುಯಾಮಾ ಚಿತ್ರಕಾರ್ತಿಯಲ್ಲ. ಆದರೆ ಹರ್ಮನ್ ಹೆಸ್ಸೆಯ ಕಾದಂಬರಿಗಳನ್ನೂ ಯುರೋಪಿನ ಸಿನಿಮಾಗಳನ್ನೂ ಸಂಗೀತವನ್ನೂ ಇವರಿಬ್ಬರಿಗೆ ಹಚ್ಚಿದವರು ಅವರೇ. ಅದುವರೆಗೆ ಹುಡುಗಿಯರ ಮಾಂಗಾ ಪತ್ರಿಕೆಗಳಲ್ಲಿ ಸಂಪಾದಕರು ಗಂಡಸರು, ಚಿತ್ರಿಸುವವರಲ್ಲೂ ಅನೇಕರು ಗಂಡಸರು. ಕಥೆಯೊಳಗಿನ ಹುಡುಗಿ ಅಳಬೇಕು, ಕಾಯಬೇಕು, ಕೊನೆಗೆ ಯಾರೋ ಬಂದು ಆರಿಸಿಕೊಳ್ಳಬೇಕು. ಆ ಮನೆಯ ಸುತ್ತ ಸೇರಿದ ಹೊಸ ಚಿತ್ರಕಾರ್ತಿಯರಲ್ಲಿ ಹಲವರು ಹುಟ್ಟಿದ್ದು 1949ರ ಆಸುಪಾಸಿನಲ್ಲಿ. ಅದು ಜಪಾನಿನ ಲೆಕ್ಕದಲ್ಲಿ ಶೋವಾ 24ನೇ ವರ್ಷವಾದ್ದರಿಂದ ಮುಂದೆ ಅವರ ಬಳಗಕ್ಕೆ ‘24ನೇ ವರ್ಷದ ಗುಂಪು’ ಎಂಬ ಹೆಸರೇ ಬಂತು.

ಹಾಗಿಯೊ ಅವರ ಒಂದು ಅನುಭವ ನನಗೆ ಬಹಳ ಮುಖ್ಯವೆನಿಸುತ್ತದೆ. 1971ರ ‘ನವೆಂಬರ್ ಗಿಮ್ನಾಜಿಯಂ’ ಕಥೆಯನ್ನು ಯೋಜಿಸುವಾಗ ಅವರು ಅದನ್ನು ಹುಡುಗಿಯರ ಶಾಲೆಯಲ್ಲೂ ಇಟ್ಟು ನೋಡಿದರು, ಹುಡುಗರ ಶಾಲೆಯಲ್ಲೂ ಇಟ್ಟು ನೋಡಿದರು. ಹುಡುಗಿಯರನ್ನು ಇಟ್ಟ ಕೂಡಲೇ ಕಥೆ ಬಿಗಿದುಕೊಂಡಿತು. ಹುಡುಗರ ಬಾಯಲ್ಲಿ ಅವೇ ಮಾತುಗಳು ಸಲೀಸಾಗಿ ಬಂದವು. ಹೆಣ್ಣು ಹೇಗೆ ನಿಲ್ಲಬೇಕು, ಹೇಗೆ ಮಾತಾಡಬೇಕು ಎಂಬ ಕಟ್ಟಳೆ ಲೇಖನಿಯ ತುದಿಯವರೆಗೂ ಬಂದು ಕೂತಿತ್ತು. ಇದನ್ನು ಅರ್ಥ ಮಾಡಿಕೊಳ್ಳಲು ನಮಗೆ ಕಷ್ಟವಾಗಬಾರದು. ಶರಣಸತಿ ಲಿಂಗಪತಿ ಎಂಬ ಭಾವದಲ್ಲಿ ಗಂಡಸರು ಹೆಣ್ಣಿನ ದನಿಯಲ್ಲಿ ಹಂಬಲಿಸಿದ ಭಾಷೆ ನಮ್ಮದು. ತನ್ನ ದೇಹದಲ್ಲಿ ಆಡಲಾಗದ ಮಾತಿಗೆ ಇನ್ನೊಂದು ದೇಹವನ್ನು ಎರವಲು ಪಡೆಯುವುದು ಕಾವ್ಯದ ಹಳೆಯ ದಾರಿ. ವಿಮರ್ಶಕಿ ಯುಕಾರಿ ಫುಜಿಮೊಟೊ ಅವರ ವಾದವೂ ಇದರ ಹತ್ತಿರದ್ದೇ: ಹುಡುಗನ ದೇಹದ ಮರೆಯಲ್ಲಿ ನಿಂತು ಓದುಗ ಹುಡುಗಿ ತನಗೆ ನೋವಾಗದಷ್ಟು ದೂರದಿಂದ ಪ್ರೇಮವನ್ನೂ ಕಾಮವನ್ನೂ ನೋಡಲು ಸಾಧ್ಯವಾಯಿತು.

ಈಗ ಪುಟಕ್ಕೆ ಬರುತ್ತೇನೆ. ಹುಡುಗರ ಸಾಹಸದ ಮಾಂಗಾದಲ್ಲಿ ಚೌಕಟ್ಟುಗಳು ಒಂದರ ಹಿಂದೆ ಒಂದು ಓಡುತ್ತವೆ. ಏಟು, ಪೆಟ್ಟು, ಜಿಗಿತ. ಹುಡುಗಿಯರ ಮಾಂಗಾದಲ್ಲಿ ಚೌಕಟ್ಟಿನ ಗೋಡೆಯೇ ಬೀಳುತ್ತದೆ. ಪಾತ್ರವೊಂದು ನಾಲ್ಕು ಚೌಕಟ್ಟುಗಳ ಮೇಲೆ ಅಡಿಯಿಂದ ಮುಡಿಯವರೆಗೆ ನಿಲ್ಲುತ್ತದೆ. ಮನಸ್ಸಿನ ಮಾತು, ಪಾತ್ರಗಳ ಮಾತನ್ನು ಬರೆಯುವ ಗುಳ್ಳೆಯಿಂದ ಹೊರಬಂದು ಬಿಳಿ ಹಾಳೆಯ ಮೇಲೆ ತೇಲುತ್ತದೆ. ಕೋಣೆಯಲ್ಲಿ ಇಲ್ಲದ ಹೂವು ಪುಟದಲ್ಲಿ ಅರಳುತ್ತದೆ. ಹೊರಗೆ ನಡೆಯುವುದಕ್ಕಿಂತ ಒಳಗೆ ನಡೆಯುವುದಕ್ಕೆ ಹೆಚ್ಚು ಜಾಗ ಕೊಡುವ ವ್ಯಾಕರಣ ಅದು. ಬಿಎಲ್‌ಗೆ ಇದು ತವರಿನಿಂದ ಬಂದ ಬಳುವಳಿ. ಇದನ್ನು ಅರಿಯದೆ, ಹೂವು ಯಾಕೆ, ಹಿನ್ನೆಲೆ ಯಾಕೆ ಖಾಲಿ ಎಂದು ಆಕ್ಷೇಪಿಸುವುದು ಆಲಾಪನೆ ಕೇಳುತ್ತಾ ಸಾಹಿತ್ಯ ಎಲ್ಲಿ ಎಂದು ಹುಡುಕಿದಂತೆ.

ಈ ವ್ಯಾಕರಣ ಎಷ್ಟು ಎತ್ತರಕ್ಕೆ ಏರಬಲ್ಲದು ಎಂದು ತಿಳಿಯಲು ಹಾಗಿಯೊ ಅವರ 1974ರ ‘ಥಾಮಸನ ಹೃದಯ’ವನ್ನು ನೋಡಬೇಕು. ಜರ್ಮನಿಯ ಒಂದು ವಸತಿ ಶಾಲೆ. ಮೊದಲ ಪುಟಗಳಲ್ಲೇ, ಹಿಮ ಬಿದ್ದ ಬೆಳಗ್ಗೆ, ಥಾಮಸ್ ಎಂಬ ಹುಡುಗ ರೈಲು ಹಳಿಯ ಮೇಲಿನ ಸೇತುವೆಯಿಂದ ಬಿದ್ದು ಸಾಯುತ್ತಾನೆ. ಆಮೇಲೆ ಯೂಲಿ ಎಂಬ ಹಿರಿಯ ವಿದ್ಯಾರ್ಥಿಯ ಕೈಗೆ ಅವನ ಪತ್ರ ಬರುತ್ತದೆ. ಸ್ವಲ್ಪ ದಿನಕ್ಕೇ ಥಾಮಸನ ಮುಖವನ್ನೇ ಹೊತ್ತ, ಸ್ವಭಾವದಲ್ಲಿ ಪೂರ್ತಿ ಬೇರೆಯಾದ ಎರಿಕ್ ಎಂಬ ಹುಡುಗ ಅದೇ ಶಾಲೆಗೆ ಸೇರುತ್ತಾನೆ. ಪ್ರೇಮಕಥೆಯ ಒಬ್ಬ ನಾಯಕ ಮೊದಲ ಪುಟಗಳಲ್ಲೇ ಇಲ್ಲವಾಗುತ್ತಾನೆ. ಮುಂದಿನ ಇಡೀ ಕೃತಿ ಬದುಕಿರುವವನಿಗೂ ಸತ್ತವನಿಗೂ ನಡುವಿನ ಜಾಗದಲ್ಲಿ ನಡೆಯುತ್ತದೆ. ಮುಟ್ಟಲು ಯಾರೂ ಇಲ್ಲ. ಹಾಗಾಗಿ ಸ್ಪರ್ಶ ಮಾಡಬೇಕಾದ ಕೆಲಸವನ್ನೆಲ್ಲ ನೆನಪು, ಮುಖಗಳ ಹೋಲಿಕೆ, ಸಂಶಯ ಮಾಡುತ್ತವೆ. ಪ್ರೀತಿಗೆ ತಾನು ಅರ್ಹನಲ್ಲ ಎಂದು ನಂಬಿದವನು ಯೂಲಿ. ರೆಕ್ಕೆ ಕಳೆದುಕೊಂಡವನ ಚಿತ್ರ ಕಥೆಯುದ್ದಕ್ಕೂ ಅವನನ್ನು ಹಿಂಬಾಲಿಸುತ್ತದೆ. ಆ ನಂಬಿಕೆಯ ಹಿಂದೆ ಹಿರಿಯ ವಿದ್ಯಾರ್ಥಿಯೊಬ್ಬನ ಕ್ರೌರ್ಯವಿದೆ. ಹಾಗಿಯೊ ಅವರು ಆ ಕ್ರೌರ್ಯವನ್ನು ಕಣ್ಣಿಗೆ ಹಬ್ಬವಾಗುವಂತೆ ಬಿಡಿಸುವುದಿಲ್ಲ. ಅದು ಉಳಿಸಿಹೋದ ಗಾಯವನ್ನು, ಕತ್ತಿನವರೆಗೂ ಗುಂಡಿ ಹಾಕಿಕೊಂಡು ಬದುಕುವ ಹುಡುಗನ ಬಿಗಿತವನ್ನು ಬಿಡಿಸುತ್ತಾರೆ.

ಈ ಕೃತಿ ಧಾರಾವಾಹಿಯಾಗಿ ಬರುತ್ತಿದ್ದಾಗ ಓದುಗರ ಮೊದಲ ಮತದಾನದಲ್ಲಿ ಕೊನೆಯ ಸ್ಥಾನಕ್ಕೆ ಬಿತ್ತು. ಸಂಪಾದಕರು ನಿಲ್ಲಿಸಿಬಿಡಿ ಎಂದರು. ಇನ್ನಷ್ಟು ಸಮಯ ಕೊಡಿ ಎಂದು ಹಾಗಿಯೊ ಅವರು ಕೇಳಿಕೊಂಡರು. ಅದೇ ಹೊತ್ತಿಗೆ ಅವರ ಇನ್ನೊಂದು ಕೃತಿ ಪುಸ್ತಕವಾಗಿ ಬಂದು, 30,000 ಪ್ರತಿಗಳ ಮೊದಲ ಮುದ್ರಣ ಮೂರೇ ದಿನಗಳಲ್ಲಿ ಮುಗಿದದ್ದರಿಂದ ಥಾಮಸನಿಗೆ ಜೀವದಾನ ಸಿಕ್ಕಿತು. ಇವತ್ತು ಆ ಕೃತಿ ಇಲ್ಲದೆ ಜಪಾನಿನ ಮಾಂಗಾ ಚರಿತ್ರೆಯನ್ನು ಬರೆಯಲಾಗದು.

ಅದೇ ಓಯಿಜುಮಿ ಮನೆಯ ಇನ್ನೊಬ್ಬ ಗೆಳತಿ ತಾಕೆಮಿಯಾ ಅವರ ‘ಗಾಳಿ ಮತ್ತು ಮರದ ಹಾಡು’ 1976ರಿಂದ 1984ರವರೆಗೆ ಪ್ರಕಟವಾಯಿತು. ಅದನ್ನು ಅಚ್ಚು ಹಾಕಲು ಸಂಪಾದಕರನ್ನು ಒಪ್ಪಿಸುವುದಕ್ಕೇ ಅವರಿಗೆ ವರ್ಷಗಳು ಬೇಕಾದವು. ಹತ್ತೊಂಬತ್ತನೆಯ ಶತಮಾನದ ಫ್ರಾನ್ಸ್, ಅಲ್ಲಿಯ ಒಂದು ವಸತಿ ಶಾಲೆ, ಎಳೆವಯಸ್ಸಿನಿಂದ ದೌರ್ಜನ್ಯ ಅನುಭವಿಸಿದ ಜಿಲ್ಬೇರ್. ಆ ಕೃತಿಗೆ ಶೋಗಾಕುಕಾನ್ ಮಾಂಗಾ ಪ್ರಶಸ್ತಿ ಬಂತು, ತಲೆಮಾರುಗಳು ಅದನ್ನು ಎದೆಗೊತ್ತಿಕೊಂಡವು. ಮಕ್ಕಳ ಮೇಲೆ ಮನೆಯೊಳಗೇ ನಡೆಯುವ ಹಿಂಸೆಯನ್ನು ಹುಡುಗಿಯರ ಪತ್ರಿಕೆಯಲ್ಲಿ ಬಾಯಿಬಿಟ್ಟು ಹೇಳಿದ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ಆದರೂ ನನ್ನ ತಕರಾರನ್ನು ಮುಚ್ಚಿಡಲಾರೆ. ಅಲ್ಲಿ ಗಾಯದ ಮೇಲೂ ಹೂವು ಉದುರುತ್ತದೆ. ಜಿಲ್ಬೇರನ ಸಂಕಟವನ್ನು ರೇಖೆ ಎಷ್ಟು ಸುಂದರಗೊಳಿಸುತ್ತದೆ ಎಂದರೆ, ಕೆಲವು ಪುಟಗಳಲ್ಲಿ ನಾವು ಮಗುವಿನ ಪಕ್ಕದಲ್ಲಿ ನಿಂತಿದ್ದೇವೋ ಅವನನ್ನು ನೋಯಿಸುವವನ ಪಕ್ಕದಲ್ಲೋ ಎಂಬುದೇ ತಿಳಿಯದಂತಾಗುತ್ತದೆ. ನಮ್ಮ ಹಳೆಯ ಲಾಕ್ಷಣಿಕರು ಔಚಿತ್ಯ ಎಂದದ್ದು ಇದನ್ನೇ ಎಂದು ನಾನು ತಿಳಿದಿದ್ದೇನೆ. ಮಡಿವಂತಿಕೆಯ ಅರ್ಥದಲ್ಲಿ ನಾನು ಆ ಪದವನ್ನು ಬಳಸುತ್ತಿಲ್ಲ. ಈ ಅಲಂಕಾರ ಈ ಭಾವಕ್ಕೆ ತಕ್ಕದ್ದೇ ಎಂಬ ಪ್ರಶ್ನೆ ಅದು. ಬಾಗಿಲು ಮುಚ್ಚಿ ಗಾಯವನ್ನು ತೋರಿಸಿದ ಹಾಗಿಯೊ, ಬಾಗಿಲು ತೆರೆದು ಹೂವು ಚೆಲ್ಲಿದ ತಾಕೆಮಿಯಾ: ನನ್ನ ಮತ ಮುಚ್ಚಿದ ಬಾಗಿಲಿಗೆ.

ಬೆಲೆ ಕಟ್ಟುವ ಕೆಲಸವನ್ನು ಈ ಪರಂಪರೆ ಹೊರಗಿನವರಿಗೆ ಬಿಟ್ಟುಕೊಡಲಿಲ್ಲ ಎಂಬುದನ್ನೂ ಹೇಳಬೇಕು. 1978ರಲ್ಲಿ ಆರಂಭವಾದ ‘ಜುನೆ’ ಎಂಬ ಪತ್ರಿಕೆಯಲ್ಲಿ ಇದೇ ತಾಕೆಮಿಯಾ ಅವರು ಓದುಗಿಯರಿಗೆ ಚಿತ್ರದ ಪಾಠ ನಡೆಸಿದರು. ಅಜುಸಾ ನಾಕಾಜಿಮಾ ಎಂಬ ಲೇಖಕಿ ಕಥೆಯ ಪಾಠಕ್ಕೆ ‘ಕಾದಂಬರಿ ದೋಜೊ’ ಎಂದು ಹೆಸರಿಟ್ಟರು. ದೋಜೊ ಎಂದರೆ ಗರಡಿಮನೆ. ಓದುಗಿಯರು ಕಳುಹಿಸಿದ ಕಥೆಗಳನ್ನು ಹಿಡಿದು ಎಲ್ಲಿ ಸಡಿಲ, ಎಲ್ಲಿ ಸುಳ್ಳು ಎಂದು ಅಚ್ಚಿನಲ್ಲೇ ತೋರಿಸುತ್ತಿದ್ದರು. ಮಣ್ಣು ಮುಕ್ಕಿಸಿ ಎಬ್ಬಿಸುವ ಉಸ್ತಾದರ ಕೆಲಸ ಅದು. ಅಲ್ಲಿ ಕಲಿತವರಲ್ಲಿ ಕೆಲವರು ಮುಂದೆ ಹೆಸರಾದರು.

ಇದಕ್ಕೆ ಸಮಾನಾಂತರವಾಗಿ ಹವ್ಯಾಸಿಗಳ ಲೋಕ ಬೆಳೆಯುತ್ತಿತ್ತು. 1975ರ ಡಿಸೆಂಬರಿನಲ್ಲಿ ಟೋಕಿಯೋದಲ್ಲಿ ಮೊದಲ ಕಾಮಿಕ್ ಮಾರ್ಕೆಟ್ ನಡೆಯಿತು. ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ಪುಸ್ತಕಗಳನ್ನು ಮೇಜಿನ ಮೇಲೆ ಹರಡಿಕೊಂಡು ಮಾರುವ ಸಂತೆ ಅದು. ಆ ವಲಯದಲ್ಲೇ 1970ರ ದಶಕದ ಕೊನೆಗೆ ಯಾವೊಯ್ ಎಂಬ ಪದ ಹುಟ್ಟಿತು. ಯಾಮಾ ನಾಶಿ, ಓಚಿ ನಾಶಿ, ಇಮಿ ನಾಶಿ: ಏರಿಲ್ಲ, ಇಳಿವಿಲ್ಲ, ಅರ್ಥವಿಲ್ಲ. ತಮ್ಮ ಕಥೆಗಳ ಬಗ್ಗೆ ತಾವೇ ಮಾಡಿಕೊಂಡ ಈ ತಮಾಷೆಯನ್ನು ನಾನು ಗಂಭೀರವಾಗಿಯೇ ತೆಗೆದುಕೊಳ್ಳುತ್ತೇನೆ. ಏರು ಇಳಿವಿನ ಹಂಗಿಲ್ಲದ ಕಥೆ ಎಲ್ಲಿ ನಿಲ್ಲುತ್ತದೆ? ಒಂದು ಕ್ಷಣದ ಮೇಲೆ ನಿಲ್ಲುತ್ತದೆ. ಇಬ್ಬರು ಒಂದೇ ಕೊಡೆಯ ಕೆಳಗೆ ನಿಂತಿದ್ದಾರೆ, ಮಳೆ ಬರುತ್ತಿದೆ, ಆರು ಪುಟ ಅಷ್ಟೇ. ಆ ಆರು ಪುಟ ಹಿಡಿದು ಕೂರಿಸಬಲ್ಲ ಚಿತ್ರಕಾರ್ತಿಯ ಕೈಯಲ್ಲಿ ಕಸುವಿದೆ. ಕೂರಿಸಲಾಗದವಳು ಅಪಘಾತ, ಹಳೆಯ ಪ್ರೇಯಸಿ, ಕ್ಯಾನ್ಸರ್ ತರುತ್ತಾಳೆ.

ಕೈಯ ಮಾತು ಬಂದದ್ದರಿಂದ ಕೈಗಳ ಬಗ್ಗೆಯೇ ಹೇಳುತ್ತೇನೆ. ಈ ಪ್ರಕಾರವನ್ನು ಟೀಕಿಸುವವರ ಬಾಯಲ್ಲಿ ಮೊದಲು ಬರುವುದು ಅಂಗರಚನೆಯ ತಪ್ಪು. ಚೂಪು ಗಲ್ಲ, ಬಾಗಿಲಗಲದ ಹೆಗಲು, ಮುಖವನ್ನೇ ಮುಚ್ಚಿಬಿಡುವ ಅಂಗೈ. ಅಭಿಮಾನಿಗಳಲ್ಲೇ ‘ಯಾವೊಯ್ ಕೈ’ ಎಂಬ ಮಾತು ಚಾಲ್ತಿಯಲ್ಲಿದೆ. ಅಳತೆ ತಪ್ಪಿದೆ ಎನ್ನುವ ಕಾರಣಕ್ಕೇ ಕೆಟ್ಟ ಚಿತ್ರ ಎಂದರೆ ನಾನು ಒಪ್ಪುವುದಿಲ್ಲ. ಯಕ್ಷಗಾನದಲ್ಲಿ ಕೇದಿಗೆ ಮುಂದಲೆ ಕಟ್ಟಿದ ವೇಷದ ತಲೆ ಮನುಷ್ಯರ ತಲೆಯ ಅಳತೆಯಲ್ಲಿ ಇರುವುದಿಲ್ಲ. ಆ ಹಿಗ್ಗು ವೀರಕ್ಕೆ ಬೇಕು, ಆದ್ದರಿಂದ ಅದು ಸರಿ. ಹಾಗೆಯೇ ಇಲ್ಲಿ ಕೇಳಬೇಕಾದ್ದು, ಈ ಕೈ ಯಾಕೆ ದೊಡ್ಡದಾಯಿತು? 1990ರ ದಶಕದ ಸಿದ್ಧಮಾದರಿಯ ಕೃತಿಗಳಲ್ಲಿ ಅದು ದೊಡ್ಡದಾಗಿರುವುದು ಒಬ್ಬನನ್ನು ಹಿಡಿಯುವವನೆಂದೂ ಇನ್ನೊಬ್ಬನನ್ನು ಹಿಡಿಯಲ್ಪಡುವವನೆಂದೂ ಗುರುತು ಹಚ್ಚಲು. ಎಲ್ಲ ಪುಸ್ತಕಗಳಲ್ಲೂ ಅದೇ ಕೈ, ಅದೇ ಹಿಡಿತ. ಅಲ್ಲಿ ಕೈ ಮೊಹರಿನ ಕೆಲಸ ಮಾಡುತ್ತದೆ.

ಇದರ ಪಕ್ಕದಲ್ಲಿ ಅಸುಮಿಕೊ ನಾಕಾಮುರಾ ಅವರ ‘ದೋಕ್ಯೂಸೆಯ್’ ಇಟ್ಟು ನೋಡಿ. ಸಹಪಾಠಿಗಳು ಎಂದು ಅದರ ಅರ್ಥ. ಪುಸ್ತಕವಾಗಿ ಬಂದದ್ದು 2008ರಲ್ಲಿ, 2016ರಲ್ಲಿ ಅನಿಮೇಷನ್ ಚಿತ್ರವೂ ಆಯಿತು. ಅವರ ಆಕೃತಿಗಳೂ ಅಳತೆ ಮೀರಿದವೇ. ಬಿದಿರಿನಂತೆ ಉದ್ದ, ಕತ್ತು ನೀಳ, ಬೆರಳು ನೀಳ. ಆದರೆ ಆ ನೀಳತನದಿಂದ ಎರಡು ದೇಹಗಳ ನಡುವೆ ಬಿಳಿ ಜಾಗ ತೆರೆದುಕೊಳ್ಳುತ್ತದೆ. ಕಥೆಯ ಆರಂಭ ನನಗೆ ಬಹಳ ಪ್ರಿಯವಾದದ್ದು. ತರಗತಿಯಲ್ಲಿ ಸಮೂಹ ಗಾಯನದ ಅಭ್ಯಾಸ. ಬ್ಯಾಂಡಿನಲ್ಲಿ ಗಿಟಾರ್ ನುಡಿಸುವ ಕುಸಾಕಾಬೆ ಪಕ್ಕಕ್ಕೆ ನೋಡುತ್ತಾನೆ. ಕನ್ನಡಕದ ಜಾಣ ಹುಡುಗ ಸಾಜೊ ಹಾಡುತ್ತಿಲ್ಲ. ಇದನ್ನೆಲ್ಲ ಕೀಳೆಂದು ತಿಳಿದಿದ್ದಾನೆ ಎಂದು ಕುಸಾಕಾಬೆ ಅಂದುಕೊಳ್ಳುತ್ತಾನೆ. ಆಮೇಲೊಮ್ಮೆ ಯಾರೂ ಇಲ್ಲದ ತರಗತಿಯಲ್ಲಿ ಅದೇ ಸಾಜೊ ಒಬ್ಬನೇ ಹಾಡು ಕಲಿಯಲು ಹೆಣಗುತ್ತಿರುವುದು ಕಣ್ಣಿಗೆ ಬೀಳುತ್ತದೆ. ಇಡೀ ಪ್ರೇಮಕಥೆ ಒಂದು ತಪ್ಪು ತೀರ್ಮಾನವನ್ನು ತಿದ್ದಿಕೊಳ್ಳುವುದರಿಂದ ಶುರುವಾಗುತ್ತದೆ. ಹಾಡು ಕಲಿಸಲೇ ಎಂದು ಕೇಳಿದವನು ಮೊದಲು ಮಾಡಿದ ಕೆಲಸ ಸರಿಯಾಗಿ ನೋಡುವುದು.

ನೋಟದ ವಿಷಯದಲ್ಲೇ ಈ ಪ್ರಕಾರ ಹೆಚ್ಚು ಎಡವಿದೆ. ಸೆಮೆ ಮತ್ತು ಉಕೆ ಎಂಬ ಜೋಡಿಪದಗಳನ್ನು ನೀವು ಕೇಳಿರಬಹುದು. ಎರಗುವವನು, ತಡೆದುಕೊಳ್ಳುವವನು. ಕಾಳಗದ ಕಲೆಗಳಿಂದ ಬಂದ ಮಾತುಗಳು. ಒಬ್ಬ ಎತ್ತರ, ಸಣ್ಣ ಕಣ್ಣು, ಕಡಿಮೆ ಮಾತು. ಇನ್ನೊಬ್ಬ ಗಿಡ್ಡ, ದೊಡ್ಡ ಕಣ್ಣು, ಬೇಗ ನಾಚುವವನು. ಕಣ್ಣಿನ ಅಳತೆ ನೋಡಿಯೇ ಕಥೆಯ ಕೊನೆ ಹೇಳಬಹುದಾದ ಪುಸ್ತಕಗಳು ಅವು. ಇನ್ನೂ ಕೆಟ್ಟದ್ದೆಂದರೆ ಬಲವಂತವನ್ನು ಪ್ರೇಮದ ಉತ್ಕಟತೆ ಎಂದು ತೋರಿಸುವ ಚಾಳಿ. ಒಬ್ಬ ಬೇಡ ಎನ್ನುತ್ತಾನೆ, ಚಿತ್ರ ಅವನ ಕಣ್ಣಲ್ಲಿ ಬೇಕು ಎಂದು ಬರೆಯುತ್ತದೆ. ಮಾತನ್ನು ಸುಳ್ಳು ಮಾಡಲು ಚಿತ್ರವನ್ನು ಬಳಸಿದ ಕೂಡಲೇ ಆ ಪಾತ್ರಕ್ಕೆ ದನಿ ಇಲ್ಲದಂತಾಗುತ್ತದೆ. ಇಬ್ಬರ ನಡುವಿನ ಜಾಗವನ್ನು ಅಳಿಸಿಹಾಕುವುದು ಎಂದರೆ ಇದು. ಇಂಥ ಕೃತಿಯಲ್ಲಿ ರೇಖೆ ಎಷ್ಟೇ ನಯವಾಗಿರಲಿ, ಅದನ್ನು ಒಳ್ಳೆಯ ಚಿತ್ರ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಚಿತ್ರಿತರಾದವರೇ ಎದ್ದು ನಿಂತು ಕೇಳಿದ ಪ್ರಶ್ನೆಯೂ ಇದೆ. 1992ರಲ್ಲಿ ಮಾಸಾಕಿ ಸಾತೊ ಎಂಬ ಸಲಿಂಗಕಾಮಿ ಹೋರಾಟಗಾರ ಸ್ತ್ರೀವಾದಿ ಕಿರುಪತ್ರಿಕೆಯೊಂದರಲ್ಲಿ ಯಾವೊಯ್ ಬರೆಯುವ, ಓದುವ ಹೆಂಗಸರ ಮೇಲೆ ಕಟುವಾದ ಲೇಖನ ಬರೆದರು. ನಮ್ಮ ಬದುಕನ್ನು ನಿಮ್ಮ ಸುಖಕ್ಕೆ ಬಳಸುತ್ತೀರಿ, ಚೆಲುವರನ್ನಷ್ಟೇ ಬಿಡಿಸುತ್ತೀರಿ, ನಿಜವಾದ ನಮ್ಮ ಬಗ್ಗೆ ನಿಮಗೆ ಯಾವ ಕಾಳಜಿಯೂ ಇಲ್ಲ ಎಂಬುದು ಅವರ ಆರೋಪದ ಸಾರ. ಯಾವೊಯ್ ವಾಗ್ವಾದ ಎಂದು ಹೆಸರಾದ ಆ ಚರ್ಚೆ ಹಲವು ವರ್ಷ ನಡೆಯಿತು. ‘ನಾನು ಗಂಡಸರನ್ನು ಪ್ರೀತಿಸುವವನಲ್ಲ, ನಿನ್ನನ್ನಷ್ಟೇ ಪ್ರೀತಿಸುತ್ತೇನೆ’ ಎಂಬ ಧಾಟಿಯ ಮಾತು ಆ ಕಾಲದ ಕೃತಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕೇಳಲು ಎಷ್ಟು ಮಧುರ! ಆದರೆ ಗಂಡಸರನ್ನು ಪ್ರೀತಿಸುವ ಗಂಡಸರನ್ನೆಲ್ಲ ಅದು ಒಂದೇ ಏಟಿಗೆ ಕೋಣೆಯಿಂದ ಹೊರಗೆ ಹಾಕುತ್ತದೆ. ಸಾತೊ ಅವರ ಸಿಟ್ಟು ನ್ಯಾಯವಾದದ್ದು ಎಂದೇ ನಾನು ನಂಬಿದ್ದೇನೆ. ವಿಮರ್ಶಕಿ ಅಕಿಕೊ ಮಿಜೊಗುಚಿ ಅವರು 2015ರ ತಮ್ಮ ಪುಸ್ತಕದಲ್ಲಿ ಬಿಎಲ್ ವಿಕಾಸಗೊಂಡಿದೆ ಎಂದು ವಾದಿಸುತ್ತಾರೆ. 2000ದ ನಂತರದ ಉತ್ತಮ ಕೃತಿಗಳು ಸಮಾಜದ ದ್ವೇಷವನ್ನು ಎದುರಿಸುವ ದಾರಿಗಳನ್ನೂ ಕಲ್ಪಿಸಿಕೊಡುತ್ತವೆ ಎಂಬುದು ಅವರ ನಿಲುವು. ಎಲ್ಲ ಕೃತಿಗಳಿಗೂ ಈ ಮಾತು ಸಲ್ಲದು. ಆದರೆ ಸಲ್ಲುವ ಎರಡನ್ನು ಹೇಳುತ್ತೇನೆ.

ಒಂದು, 2013ರಲ್ಲಿ ಆರಂಭವಾದ ಯುಕಿ ಫುಮಿನೊ ಅವರ ‘ಹಿದಾಮಾರಿ ಗಾ ಕಿಕೊಎರು’. ಎಳೆಬಿಸಿಲು ಕೇಳಿಸುತ್ತಿದೆ ಎಂದು ಅರ್ಥ ಮಾಡಬಹುದು. ಕೊಹೇಯ್ ಎಂಬ ಕಾಲೇಜು ವಿದ್ಯಾರ್ಥಿಗೆ ಶಾಲಾ ದಿನಗಳಲ್ಲೇ ಕಿವಿ ಮಂದವಾಗಿದೆ. ತಾಯ್ಚಿ ಎಂಬ ಇನ್ನೊಬ್ಬ ವಿದ್ಯಾರ್ಥಿ ಬಡವ, ಸದಾ ಹಸಿದವನು, ಗಟ್ಟಿ ಗಂಟಲಿನವನು. ತರಗತಿಯಲ್ಲಿ ಕೊಹೇಯ್‌ಗಾಗಿ ಟಿಪ್ಪಣಿ ಬರೆದುಕೊಡುವುದು, ಬದಲಿಗೆ ಬುತ್ತಿಯೂಟ ಪಡೆಯುವುದು. ಈ ಒಪ್ಪಂದದಿಂದ ಎಲ್ಲವೂ ಶುರುವಾಗುತ್ತದೆ. ಚಿತ್ರಕಥೆಯಲ್ಲಿ ಶಬ್ದವೆಲ್ಲ ಅಕ್ಷರವಾಗಿಯೇ ಇರುತ್ತದೆ. ಓದುಗರಿಗೆ ಎಲ್ಲವೂ ‘ಕೇಳಿಸುತ್ತದೆ’, ಪುಟದೊಳಗಿನ ಒಬ್ಬನಿಗೆ ಮಾತ್ರ ಕೇಳಿಸುವುದಿಲ್ಲ. ಆದ್ದರಿಂದ ಇಲ್ಲಿ ಯಾರು ಯಾರ ಕಡೆಗೆ ಮುಖ ಮಾಡಿ ನಿಂತಿದ್ದಾರೆ ಎಂಬುದೇ ಕಥೆಯಾಗುತ್ತದೆ. ತುಟಿ ಕಾಣದೆ ಆಡಿದ ಮಾತು ಗುಳ್ಳೆಯಲ್ಲಿ ದಪ್ಪಕ್ಷರದಲ್ಲಿ ಇದ್ದರೂ ಅವನಿಗೆ ತಲುಪುವುದಿಲ್ಲ. ಬೇರೆ ಪ್ರೇಮಕಥೆಗಳಲ್ಲಿ ಬರೀ ಅಲಂಕಾರವಾಗುವ ಮುಖ ತಿರುಗಿಸುವ ಭಂಗಿ ಇಲ್ಲಿ ಸಂಬಂಧದ ಅಳತೆಯಾಗುತ್ತದೆ. ಫುಮಿನೊ ಅವರ ಗೆರೆ ಸರಳ, ಸಾಧಾರಣ ಮುಖಗಳು, ಮೆರುಗಿಲ್ಲ. ಆ ಸರಳತೆ ಬೇಕಿತ್ತು.

ಇನ್ನೊಂದು, ಫುಮಿ ಯೋಶಿನಾಗಾ ಅವರ ‘ನಿನ್ನೆ ಏನು ಊಟ ಮಾಡಿದೆ?’. 2007ರಿಂದ ವಯಸ್ಕರ ವಾರಪತ್ರಿಕೆಯೊಂದರಲ್ಲಿ ಬರುತ್ತಿರುವ ಇದನ್ನು ಕಟ್ಟುನಿಟ್ಟಾಗಿ ಬಿಎಲ್ ಎನ್ನಲಾಗದು. ಆದರೆ ಯೋಶಿನಾಗಾ ಬಿಎಲ್ ಗರಡಿಯಲ್ಲೇ ಪಳಗಿದವರು. ಶಿರೊ ವಕೀಲ, ಕೆಂಜಿ ಕ್ಷೌರಿಕ. ಕಥೆ ಶುರುವಾಗುವಾಗ ಇಬ್ಬರೂ ನಲವತ್ತು ದಾಟಿದವರು, ವರ್ಷ ಕಳೆದಂತೆ ನಮ್ಮ ಹಾಗೆಯೇ ಅವರಿಗೂ ವಯಸ್ಸಾಗುತ್ತದೆ. ಶಿರೊ ಸಂಜೆ ಕಚೇರಿಯಿಂದ ಹೊರಟು, ಯಾವ ಅಂಗಡಿಯಲ್ಲಿ ಯಾವ ತರಕಾರಿ ಅಗ್ಗ ಎಂದು ಲೆಕ್ಕ ಹಾಕಿ, ಮನೆಗೆ ಬಂದು ಅಡುಗೆ ಮಾಡುತ್ತಾನೆ. ಸಹೋದ್ಯೋಗಿಗಳಿಗೆ ಕೆಂಜಿಯ ವಿಷಯ ಹೇಳಿಲ್ಲ. ಮೇಜಿನ ಒಂದು ಬದಿಗೆ ಒಬ್ಬ, ಇನ್ನೊಂದು ಬದಿಗೆ ಮತ್ತೊಬ್ಬ, ನಡುವೆ ಅನ್ನ, ಸಾರು, ಎರಡು ಪಲ್ಯ. ಇಬ್ಬರ ನಡುವಿನ ಜಾಗ ಎಂದು ನಾನು ಇಷ್ಟು ಹೊತ್ತಿನಿಂದ ಹೇಳುತ್ತಿರುವುದು ಇಲ್ಲಿ ಊಟದ ಮೇಜಾಗಿದೆ. ಯೋಶಿನಾಗಾ ಒಂದೇ ಅಳತೆಯ ಚೌಕಟ್ಟುಗಳನ್ನು ಸಾಲಾಗಿ ಇಟ್ಟು, ಅದೇ ಮುಖವನ್ನು ಅದೇ ಕೋನದಲ್ಲಿ ಮತ್ತೆ ಮತ್ತೆ ಬಿಡಿಸುತ್ತಾರೆ. ಹುಬ್ಬು ಮಾತ್ರ ಒಂದು ಕೂದಲೆಳೆಯಷ್ಟು ಸರಿದ ಚಿತ್ರಗಳು. ಹಿನ್ನೆಲೆ ಖಾಲಿ. ಚಿತ್ರ ಬಾರದವರು ಹೀಗೆ ಮಾಡುತ್ತಾರೆ ಎಂದು ನನ್ನ ವಿದ್ಯಾರ್ಥಿಯೊಬ್ಬ ಹೇಳಿದ್ದ. ಒಂದು ಪುಟವನ್ನು ನಕಲು ಮಾಡಿಕೊಂಡು ಬಾ ಎಂದೆ. ನಾಲ್ಕು ದಿನ ಕಳೆದು ಬಂದು, ಆ ಹುಬ್ಬು ನನ್ನ ಕೈಗೆ ಬರುತ್ತಿಲ್ಲ ಮೇಡಂ ಎಂದ.

ಇಷ್ಟನ್ನೂ ನಾವು ಓದುವುದು ಬಹುಪಾಲು ಇಂಗ್ಲಿಷಿನಲ್ಲಿ. ಅಲ್ಲಿ ಕಳೆದುಹೋಗುವ ಒಂದು ವಿಷಯವನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಜಪಾನಿನಲ್ಲಿ ಪರಿಚಿತರನ್ನು ಮನೆತನದ ಹೆಸರಿನಿಂದ ಕರೆಯುತ್ತಾರೆ. ವರ್ಷಗಳ ಗೆಳೆತನದ ನಂತರ ಒಬ್ಬ ಇನ್ನೊಬ್ಬನನ್ನು ಮೊದಲ ಸಲ ಅವನ ಸ್ವಂತ ಹೆಸರು ಹಿಡಿದು ಕರೆದರೆ ಅದೇ ಒಂದು ಘಟನೆ. ಎಷ್ಟೋ ಬಿಎಲ್ ಕೃತಿಗಳಲ್ಲಿ ಮುತ್ತಿಗಿಂತ ದೊಡ್ಡ ದಾಟು ಅದು. ‘ನಾನು’ ಎನ್ನಲು ವಾತಾಶಿ, ಬೊಕು, ಓರೆ ಎಂಬ ಬೇರೆ ಬೇರೆ ಪದಗಳಿವೆ, ಯಾರ ಮುಂದೆ ಯಾವುದನ್ನು ಬಳಸುತ್ತಾನೆ ಎನ್ನುವುದರಲ್ಲೇ ಪಾತ್ರದ ಅರ್ಧ ಕಥೆ ಇರುತ್ತದೆ. ಇಂಗ್ಲಿಷಿನ ಒಂದೇ ‘ಐ’, ಒಂದೇ ‘ಯೂ’ ಅದನ್ನು ಸಪಾಟು ಮಾಡಿಬಿಡುತ್ತದೆ. ಕನ್ನಡಕ್ಕೆ ಆ ಬಡತನವಿಲ್ಲ. ನೀವು ಎನ್ನುತ್ತಿದ್ದವನು ನೀನು ಎಂದ ಗಳಿಗೆ ಯಾವುದು, ಬನ್ನಿ ಎಂಬುದು ಬಾ ಆದದ್ದು ಯಾವ ಪುಟದಲ್ಲಿ ಎಂದು ನಾವು ತೋರಿಸಬಲ್ಲೆವು. ತೊಡಕಿರುವುದು ಬೇರೆ ಕಡೆ. ಜಪಾನೀ ಬರಹ ಮೇಲಿನಿಂದ ಕೆಳಕ್ಕೆ ಇಳಿಯುವುದರಿಂದ ಅವರ ಮಾತಿನ ಗುಳ್ಳೆಗಳು ನೀಳವಾಗಿ, ಇಕ್ಕಟ್ಟಾಗಿ ಇರುತ್ತವೆ. ‘ಹೇಳಬೇಕೆಂದಿದ್ದೆ’ ಎಂಬ ನಮ್ಮ ಒಂದು ಪದವನ್ನು ಅದರೊಳಗೆ ಕೂರಿಸಲು ಎರಡು ಕಡೆ ಮುರಿಯಬೇಕು. ಮುರಿದ ಪದ ಉಸಿರುಗಟ್ಟಿದ ಮಾತಿನಂತೆ ಕಾಣುತ್ತದೆ. ಅನುವಾದಕರಿಗೆ ಭಾಷೆಯ ಜೊತೆ ಲೇಖನಿಯ ಕಸುಬೂ ಗೊತ್ತಿರಬೇಕು. ಕನ್ನಡದಲ್ಲಿ ಅದನ್ನು ಮಾಡಬಲ್ಲವರು ಈ ಸಭೆಯಲ್ಲೇ ಇದ್ದಾರೆಂದು ನನಗೆ ಗೊತ್ತು.

ಮಾತು ಮುಗಿದ ಮೇಲೆ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು ಕೇಳಿದಳು: ‘ಮೇಡಂ, ನೀವು ಹೇಳಿದ ದೋಷಗಳೆಲ್ಲ ಇರುವ ಒಂದು ಪುಸ್ತಕ ನನಗೆ ತುಂಬಾ ಇಷ್ಟ. ಹಾಗಾದರೆ ನನ್ನ ಇಷ್ಟವೇ ತಪ್ಪೇ?’

ತಪ್ಪಲ್ಲಮ್ಮ ಎಂದೆ. ಆ ಪುಸ್ತಕದ ದೋಷ ಪುಸ್ತಕದ್ದು. ಅದನ್ನು ಓದುವಾಗ ನಿನಗೆ ಏನು ಬೇಕಾಗಿತ್ತೋ ಅದು ನಿನ್ನದು. ಎರಡನ್ನೂ ಬೇರೆ ಬೇರೆ ಹೆಸರಿಟ್ಟು ಹೇಳಲು ಕಲಿ. ಆಮೇಲೆ ಅವಳಿಗೆ ಕಾವೊರಿ ತ್ಸುರುತಾನಿ ಅವರ ‘ಮೆಟಮಾರ್ಫೋಸ್ ನೊ ಎಂಗಾವಾ’ ಎಂಬ ಮಾಂಗಾದ ಕಥೆ ಹೇಳಿದೆ. ಅದು ಬಿಎಲ್ ಅಲ್ಲ, ಬಿಎಲ್ ಓದುವವರ ಕಥೆ. ಗಂಡ ತೀರಿಹೋದ, ಮನೆಯಲ್ಲಿ ಕೈಬರಹದ ಕಲೆ ಕಲಿಸುವ 75 ವರ್ಷದ ಇಚಿನೋಯಿ ಎಂಬ ಅಜ್ಜಿ ಪುಸ್ತಕದಂಗಡಿಗೆ ಹೋಗುತ್ತಾರೆ. ಒಳಗೇನಿದೆ ಎಂದು ತಿಳಿಯದೆ, ಮುಖಪುಟದ ಚಿತ್ರ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಒಂದು ಮಾಂಗಾ ಕೊಳ್ಳುತ್ತಾರೆ. ಕುಂಚದ ಗೆರೆಯನ್ನು ಬಲ್ಲವರು. ಓದಿ ಬೆರಗಾಗುತ್ತಾರೆ. ಮುಂದಿನ ಸಂಪುಟಕ್ಕೆಂದು ಅದೇ ಅಂಗಡಿಗೆ ಮತ್ತೆ ಬರುತ್ತಾರೆ. ಅಲ್ಲಿ ಕೆಲಸ ಮಾಡುವ, ತನ್ನ ಓದನ್ನು ಎಲ್ಲರಿಂದ ಬಚ್ಚಿಟ್ಟುಕೊಂಡ ಹೈಸ್ಕೂಲು ಹುಡುಗಿ ಉರಾರಾ ಅವರ ಗೆಳತಿಯಾಗುತ್ತಾಳೆ. ಮುಂದಿನ ಸಂಪುಟಕ್ಕೆ ಎಷ್ಟು ಕಾಲ ಕಾಯಬೇಕು ಎಂದು ತಿಳಿದಾಗ ಅಜ್ಜಿ ಮನಸ್ಸಿನಲ್ಲೇ ತನ್ನ ವಯಸ್ಸಿಗೆ ವರ್ಷಗಳನ್ನು ಕೂಡುತ್ತಾರೆ, ಕೊನೆಯ ಸಂಪುಟದವರೆಗೆ ಇರಬಲ್ಲೆನೇ ಎಂದು.